ಜೀನ್ಸ್ ತೊಟ್ಟ ಚೆಂಡು, ಅತ್ತೆಯ ಕೈ

ನಾನು ಬಯೋಮೆಡಿಕಲ್ ಇಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡಲು ಬಳ್ಳಾರಿಯ ಕಾಲೇಜಿಗೆ ಸೇರಿದಾಗ ಅದು ಎಂಥ ಓದು ಎಂಬುದು ಸಿರುಗುಪ್ಪದ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ನಮ್ಮ ವಂಶದಲ್ಲಿ ಮೊದಲಿನಿಂದಲೂ ಇಲ್ಲ. ಅಪ್ಪನದು ಅಕ್ಕಿ ಗಿರಣಿಗಳಿಗೆ ಬೆಲ್ಟು, ಬೇರಿಂಗು ಮಾರುವ ಅಂಗಡಿ. ಅಂಗಡಿಗೆ ಬಂದವರಿಗೆಲ್ಲ ಅವರು, "ನಮ್ಮ ಹುಡುಗಿ ದವಾಖಾನಿ ಮಷಿನ್ ಓದಾಕತ್ಯಾಳ್ರಿ," ಎಂದು ಹೇಳಿಬಿಟ್ಟಿದ್ದರು. ಅದರ ಫಲವನ್ನು ನಾನು ಪ್ರತಿ ರಜೆಯಲ್ಲೂ ಉಂಡೆ. ನಾನು ಬಸ್ ಇಳಿದು ಮನೆ ಮುಟ್ಟುವುದರೊಳಗೆ ಗಾಳಿ ನಿಲ್ಲದ ಬಿ.ಪಿ. ಮಷಿನ್, ಕುಂಯ್‌ಗುಡುವ ಕಿವಿ ಮಷಿನ್, ಯಾರನ್ನು ನಿಲ್ಲಿಸಿದರೂ ಒಂದೇ ತೂಕ ತೋರಿಸುವ ತಕ್ಕಡಿ, ಎಲ್ಲ ಬಂದು ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಒಮ್ಮೆ ಓಣಿಯ ಹಿರಿಯರೊಬ್ಬರು ಮಿಕ್ಸಿ ತಂದಿಟ್ಟರು.

"ಇದು ದವಾಖಾನಿದಲ್ಲಲ್ರೀ," ಎಂದೆ.

"ಇದರಾಗ ಕಷಾಯದ ಸಾಮಾನು ರುಬ್ಬತೀವವ್ವ," ಎಂದರು ಅವರು, ನನ್ನ ಅಜ್ಞಾನಕ್ಕೆ ಮರುಗುತ್ತ.

ರಿಪೇರಿ ಮಾಡಿಕೊಟ್ಟೆ. ಎಂ.ಟೆಕ್ ಸೇರಿದ ಮೇಲೆ ನಾನು ಸರಿಪಡಿಸಿದ ಮೊದಲ ವೈದ್ಯಕೀಯ ಉಪಕರಣ ಅದೇ.

ಈ ಓದಿನ ಬಗ್ಗೆ ನೇರವಾಗಿ ಪ್ರಶ್ನೆ ಕೇಳಿದವಳು ಒಬ್ಬಳೇ, ಕುರುಗೋಡಿನ ನನ್ನ ಸೋದರತ್ತೆ. "ಅರ್ಧ ಡಾಕ್ಟ್ರು, ಅರ್ಧ ಇಂಜಿನಿಯರು ಅಂತಿ. ಜ್ವರ ಬಂದ್ರ ಯಾವ ಅರ್ಧಕ್ಕ ತೋರಿಸಬೇಕಲೇ?" ಎಂದು ಫೋನಿನಲ್ಲೇ ನಕ್ಕಿದ್ದಳು. ನನಗೆ ಸಿಟ್ಟು ಬಂದಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ. ಅದನ್ನೂ ಅತ್ತೆಯಿಂದಲೇ ಕಲಿತದ್ದು. ಅಪ್ಪನ ವ್ಯಾಪಾರ ಇನ್ನೂ ಹತ್ತದ ವರ್ಷಗಳಲ್ಲಿ ನಾನು ಅವಳ ಮನೆಯಲ್ಲಿದ್ದು ಕುರುಗೋಡಿನ ಶಾಲೆಗೆ ಹೋದವಳು. ದಿನಾ ಬೆಳಿಗ್ಗೆ ಮೊಣಕಾಲುಗಳ ನಡುವೆ ನನ್ನನ್ನು ಕೂಡಿಸಿಕೊಂಡು ಎರಡು ಜಡೆ ಹೆಣೆಯುತ್ತಿದ್ದಳು. ಎಷ್ಟು ಬಿಗಿ ಎಂದರೆ ಹುಬ್ಬು ಹಣೆಯ ಮೇಲಕ್ಕೆ ಹೋಗಿ ಇಡೀ ದಿನ ಅಲ್ಲೇ ಇರುತ್ತಿದ್ದವು. ಗಣಿತದ ಮೇಷ್ಟ್ರು, "ಈ ಹುಡುಗಿಗೆ ಏನು ಹೇಳಿಕೊಟ್ಟರೂ ಆಶ್ಚರ್ಯ ಆಗತೈತಲ್ಲ," ಎನ್ನುತ್ತಿದ್ದರು. ಅತ್ತು ಕರೆದರೆ ಅತ್ತೆ, "ಸಡಿಲ ಜಡಿ ಹಾಕ್ಕೊಂಡು ಅಡ್ಡಾಡಾಕ ನಾ ಸತ್ತೀನೇನು?" ಎಂದು ಇನ್ನೊಂದು ಸುತ್ತು ಎಳೆಯುತ್ತಿದ್ದಳು.

ನಾನು ಎರಡನೇ ವರ್ಷಕ್ಕೆ ಕಾಲಿಡುವಾಗ ಆ ಅತ್ತೆಗೆ ಲಕ್ವಾ ಹೊಡೆಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಕಳಿಸಿದರು. ಬಾಯಿ ಸರಿಹೋಯಿತು, ಓಣಿಯವರ ಪ್ರಕಾರ ಮೊದಲಿಗಿಂತ ಚುರುಕಾಯಿತು. ಕಾಲೂ ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ಬರಲಿಲ್ಲ. ಆ ಕೈಯನ್ನು ಅವಳು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು, ಯಾರದೋ ಕೂಸನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳಲು ಕೊಟ್ಟು ಹೋಗಿದ್ದಾರೆ ಎಂಬಂತೆ. ಅದನ್ನು ನೋಡಿದ ದಿನ ನಾನು ಹಿತ್ತಲಿಗೆ ಹೋಗಿ ಅತ್ತುಬಂದೆ. ಕೈ ಬರುವುದಿದ್ದರೆ ಮೊದಲ ಕೆಲವು ತಿಂಗಳಲ್ಲೇ ಹೆಚ್ಚು ಬರುತ್ತದೆ, ಆಮೇಲೆ ಬಲು ನಿಧಾನ, ದಿನಾ ಕೆಲಸ ಕೊಡಬೇಕು ಎಂದು ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಹೇಳಿದ್ದರು.

ಆಗ ನನಗೂ ಪ್ರಾಜೆಕ್ಟಿಗೆ ವಿಷಯ ಬೇಕಿತ್ತು. ಏನು ಮಾಡುವುದೆಂದು ನಾನು ಯೋಚಿಸಬೇಕಾಗಲೇ ಇಲ್ಲ. ಲಕ್ವಾ ಆದವರ ಕೈಗೆ ವ್ಯಾಯಾಮ ಕೊಡುವ ಒಂದು ಚೆಂಡು. ಒಳಗೆ ಒತ್ತಡ ಅಳೆಯುವ ಸೆನ್ಸರ್. ಹಿಚುಕಿದರೆ ಹಸಿರು ದೀಪ ಹತ್ತಬೇಕು. ಎಷ್ಟು ಜೋರಾಗಿ ಹಿಚುಕಿದರು ಎಂಬ ಲೆಕ್ಕ ಒಳಗಿನ ಸಿಮ್ಮಿನಿಂದ ನೇರ ನನ್ನ ಲ್ಯಾಪ್‌ಟಾಪಿಗೆ ಬಂದು ಗ್ರಾಫ್ ಆಗಬೇಕು. ನನ್ನ ಗೈಡ್ ಸಾರ್‌ಗೆ ಗ್ರಾಫ್ ಎಂದರೆ ಪ್ರಾಣ. ಮೇಲಕ್ಕೆ ಹೋಗುವ ಗ್ರಾಫ್ ಕಂಡರೆ ಅವರ ಮುಖ ಅರಳುತ್ತಿತ್ತು, ಕೆಳಗಿಳಿದರೆ ಅಂದು ಊಟವೂ ಸರಿ ಸೇರುತ್ತಿರಲಿಲ್ಲ. ವಿಷಯ ಕೇಳಿ ತಕ್ಷಣ ಒಪ್ಪಿದರು. ಆಸ್ಪತ್ರೆಯ ಅನುಮತಿಯೂ ಸಿಕ್ಕಿತು. ಮೊದಲ ರೋಗಿ ಯಾರು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಚೆಂಡು ತಯಾರಾಯಿತು, ಆದರೆ ತಂತಿಗಳು ಹೊರಗೆ ಇಣುಕುತ್ತಿದ್ದವು. ಮೇಲೊಂದು ಗಟ್ಟಿ ಹೊದಿಕೆ ಬೇಕಿತ್ತು. ಜೀನ್ಸಿಗೆ ಹೆಸರಾದ ಬಳ್ಳಾರಿಯಲ್ಲಿ ಗಟ್ಟಿ ಹೊದಿಕೆ ಬೇಕೆಂದರೆ ಇನ್ನೆಲ್ಲಿಗೆ ಹೋಗುವುದು? ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಟೇಲರ್ ಒಬ್ಬರ ಹತ್ತಿರ ಹೋದೆ. ಅವರು ಚೆಂಡನ್ನು ತಿರುಗಿಸಿ ನೋಡಿ, "ಸೊಂಟ ಎಲ್ಲೈತಿ ಮೇಡಂ ಇದಕ್ಕ?" ಎಂದು ಕೇಳಿದರು. ಆದರೂ ಚೆನ್ನಾಗಿ ಹೊಲಿದರು. ಎರಡೆಳೆ ಕಿತ್ತಳೆ ದಾರದ ಹೊಲಿಗೆ, ತಾಮ್ರದ ಗುಂಡಿ, ಹಿಂದೆ ಒಂದು ಪುಟ್ಟ ಜೇಬು. ಜೇಬು ಯಾಕೆ ಎಂದರೆ, "ಜೇಬಿಲ್ದ ಹ್ಯಾಂಗ್ರೀ ಕೊಡೂದು, ನೋಡಿದೋರು ಏನಂದಾರು?" ಎಂದರು.

ಅತ್ತೆ ಎಡಗೈ ಬೆರಳನ್ನು ಅದರ ಜೇಬಿನೊಳಗೆ ತೂರಿಸಿ ನೋಡಿದಳು. ಆಮೇಲೆ, "ಚೆಂಡಿಗ್ಯಾಕಲೇ ಪ್ಯಾಂಟು?" ಎಂದಳು.

ನಾನು ವಿವರವಾಗಿ ಹೇಳಿಕೊಟ್ಟೆ. ದಿನಾ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಿಚುಕಬೇಕು. ದೀಪ ಹತ್ತಬೇಕು. ಲೆಕ್ಕ ನನಗೆ ಬರುತ್ತದೆ, ಅದರ ಮೇಲೆ ನನ್ನ ಪರೀಕ್ಷೆ. ಮುಖ್ಯವಾಗಿ ನಿನ್ನ ಕೈ ಬರುತ್ತದೆ. ಅತ್ತೆ ತಲೆಯಾಡಿಸಿದಳು. "ನಿನ್ನ ಪರೀಕ್ಷಿಗೆ ಅಂದ ಮ್ಯಾಲೆ ಮುಗೀತು, ಬಿಡು," ಎಂದಳು. ಆ ಮಾತಿಗೆ ನಾನು ಆಗಲೇ ಕಿವಿ ಕೊಡಬೇಕಿತ್ತು.

ಮೊದಲ ಕೆಲವು ದಿನ ಲ್ಯಾಪ್‌ಟಾಪಿಗೆ ಏನೂ ಬರಲಿಲ್ಲ. ಸಿಮ್ ಕೆಟ್ಟಿತೋ ಎಂದು ಫೋನ್ ಮಾಡಿದೆ. "ಚೆಂಡು ನಡದೈತಿ, ನೀ ಓದ್ಕೋ," ಎಂದಳು ಅತ್ತೆ. ಆಮೇಲಿನ ವಾರದಿಂದ ಲೆಕ್ಕ ಬರತೊಡಗಿತು. ಬರುವುದೇನು, ಕಾಲುವೆ ಬಿಟ್ಟ ಹಾಗೆ ಬಂತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಪ್ಪದೆ ಹಿಚುಕಿದ್ದಳು. ಗ್ರಾಫ್ ನೆಟ್ಟಗೆ ಮೇಲೆ ಹೋಗುತ್ತಿತ್ತು. ಸಾರ್ ಇಡೀ ವಿಭಾಗಕ್ಕೆ ಚಹಾ ತರಿಸಿದರು. ತಿಂಗಳು ಕಳೆಯುವುದರೊಳಗೆ ಅತ್ತೆಯ ಹಿಡಿತ ಎಷ್ಟಾಯಿತೆಂದರೆ ಪ್ರಯೋಗಾಲಯದಲ್ಲಿ ಅಂಥದೇ ಇನ್ನೊಂದು ಚೆಂಡನ್ನು ನಾನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಹಿಚುಕಿದರೂ ಅಷ್ಟು ಬರಲಿಲ್ಲ.

"ನಿಮ್ಮ ಅತ್ತೆ ಮೊದಲು ಕುಸ್ತಿ ಏನಾದರೂ ಆಡುತ್ತಿದ್ದರೇನಮ್ಮಾ?" ಎಂದು ಸಾರ್ ಗೌರವದಿಂದಲೇ ಕೇಳಿದರು.

"ರೊಟ್ಟಿ ಬಡಿಯುತ್ತಿದ್ದರು ಸಾರ್," ಎಂದೆ. ನಮ್ಮ ಕಡೆ ಜೋಳದ ರೊಟ್ಟಿ ಬಡಿದವರ ಕೈಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸಾರ್ ಸಮಾಧಾನಗೊಂಡರು.

ಒಂದೇ ಒಂದು ಸಂಗತಿ ಅವರನ್ನು ಕಾಡುತ್ತಿತ್ತು. ಸೋಮವಾರ ಗ್ರಾಫ್ ಖಾಲಿ. ಪ್ರತಿ ಸೋಮವಾರವೂ ಖಾಲಿ. ಅಮಾವಾಸ್ಯೆಯ ದಿನವೂ ಖಾಲಿ. ಲಕ್ವಾಕ್ಕೂ ಅಮಾವಾಸ್ಯೆಗೂ ಏನು ಸಂಬಂಧ ಎಂದು ಅವರು ಪುಸ್ತಕ ತೆಗೆದು ಹುಡುಕಿದರು. ಫೋನ್ ಮಾಡಿದರೆ ಅತ್ತೆ, "ಸೋಮವಾರ ಎತ್ತಿನ ಹೆಗಲಿಗೂ ನೊಗ ಇಡಾಂಗಿಲ್ಲ. ಎತ್ತಿಗಿಂತ ಕಡಿಮಿ ಏನ್ ನಾ?" ಎಂದು ನನ್ನನ್ನೇ ಗದರಿದಳು. ನಮ್ಮ ಭಾಗದಲ್ಲಿ ಸೋಮವಾರ ಬಸವಣ್ಣನ ದಿನ, ಬೇಸಾಯ ಹೂಡುವುದಿಲ್ಲ. ಕೂತು ಚೆಂಡು ಹಿಚುಕುವುದಕ್ಕೂ ಅದಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಸಂತೋಷದಲ್ಲಿದ್ದೆ. ಅತ್ತೆಯ ಕೈ ಬರುತ್ತಿದೆ, ನನ್ನ ಚೆಂಡಿನಿಂದ ಬರುತ್ತಿದೆ ಎಂದು ಹಾಸ್ಟೆಲಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಆ ಸಂತೋಷ ತಡೆಯಲಾರದೆ ಒಂದು ಮಧ್ಯಾಹ್ನ, ಹೇಳದೆ ಕೇಳದೆ, ಬಿಸಿ ಮಿರ್ಚಿ ಕಟ್ಟಿಸಿಕೊಂಡು ಕುರುಗೋಡಿನ ಬಸ್ ಹತ್ತಿದೆ. ಅತ್ತೆಯ ಮಗ, ಸೊಸೆ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿರುವ ಹೊತ್ತು. ಓಣಿ ತಿರುಗಿದರೆ ಅತ್ತೆಯ ಕಟ್ಟೆಯ ಮೇಲೆ ಹೆಂಗಸರ ಸಭೆ. ಅತ್ತೆ ನಡುವೆ ಗೋಡೆಗೊರಗಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದಾಳೆ. ಬಲಗೈ ಮೊದಲಿನಂತೆಯೇ ತೊಡೆಯ ಮೇಲೆ. ಜೀನ್ಸ್ ಚೆಂಡು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿದೆ. ಒಬ್ಬಾಕೆ ಅದನ್ನು ಹಿಚುಕುತ್ತ ತನ್ನ ಸೊಸೆಯ ಮೇಲೆ ದೂರು ಹೇಳುತ್ತಿದ್ದಾಳೆ. ದೂರು ಬಲವಾದಂತೆ ದೀಪವೂ ಬಲವಾಗಿ ಹತ್ತುತ್ತಿದೆ. ಕೊನೆಗೆ ಚೆಂಡು ಪಕ್ಕದ ಮನೆಯಾಕೆಯ ಕೈಗೆ ಬಂತು. ಆಕೆ ತೆಲುಗಿನವಳು, ಮನೆತುಂಬ ಎಮ್ಮೆ, ಎಲ್ಲದರ ಹಾಲನ್ನೂ ತಾನೇ ಹಿಂಡುವವಳು. ಆ ಕೈಗೆ ಸಿಕ್ಕಿದ ಚೆಂಡು ಕಿರ್ರೆಂದು ಸದ್ದು ಮಾಡಿತು. ಸಾರ್ ಕುಸ್ತಿಯ ಬಗ್ಗೆ ಕೇಳಿದ್ದು ಯಾರ ಕೈ ನೋಡಿ ಎಂಬುದು ನನಗೆ ಆಗ ತಿಳಿಯಿತು.

"ಏನ್ ನಡಿಸೀಯ ಅತ್ತಿ ಇಲ್ಲಿ?" ಎಂದು ಕೂಗಿದೆ.

ಅತ್ತೆ ಗಾಬರಿಯಾಗಲಿಲ್ಲ. "ಮುಯ್ಯಾಳು," ಎಂದಳು.

ನಮ್ಮ ಊರುಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಇವತ್ತು ನಿನ್ನ ಹೊಲದಲ್ಲಿ ನಾನು ಕಳೆ ಕಿತ್ತರೆ, ನಾಳೆ ನನ್ನ ಹೊಲಕ್ಕೆ ನೀನು ಬರಬೇಕು. ಕೂಲಿ ಇಲ್ಲ, ಕೆಲಸಕ್ಕೆ ಕೆಲಸ. ಒಬ್ಬರ ಕೈಯಲ್ಲಿ ಆಗದ ಕೆಲಸವಿದ್ದರೆ ಓಣಿಯ ಕೈಗಳನ್ನು ಕರೆಯುವುದು. ಅತ್ತೆಯ ದೃಷ್ಟಿಯಲ್ಲಿ ಚೆಂಡು ಹಿಚುಕುವುದು ಒಂದು ಕೆಲಸ, ತನ್ನೊಬ್ಬಳಿಂದ ಆಗದ ಕೆಲಸ, ಹೊತ್ತಿಗೆ ಸರಿಯಾಗಿ ಮುಗಿಯಬೇಕಾದ ಕೆಲಸ. ಮುಯ್ಯಾಳು ಕರೆದಳು. ಸೋಮವಾರ, ಅಮಾವಾಸ್ಯೆ ರಜೆ ಕೊಟ್ಟಳು. ಇದರಲ್ಲಿ ನಾನು ಕೂಗಾಡುವಂಥದ್ದು ಏನಿದೆ ಎಂದು ಅವಳಿಗೆ ನಿಜಕ್ಕೂ ಅರ್ಥವಾಗಲಿಲ್ಲ.

"ಕೈ ಬರಬೇಕಾಗಿದ್ದು ನಿನ್ನದು! ಎಮ್ಮಿ ಹಿಂಡೋರ ಕೈ ಬಂದು ಏನ್ ಮಾಡೂದೈತಿ?" ಎಂದು ನಾನು ಮಿರ್ಚಿಯ ಪೊಟ್ಟಣವನ್ನು ಕಟ್ಟೆಯ ಮೇಲೆ ಕುಕ್ಕಿದೆ. ಪಕ್ಕದ ಮನೆಯಾಕೆ ನೊಂದುಕೊಂಡು ಚೆಂಡನ್ನು ಕೆಳಗಿಟ್ಟಳು. ಬೇರೆಯವರು ಮಿರ್ಚಿಯ ಪೊಟ್ಟಣವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

ಅತ್ತೆ ಆಗ ತಲೆ ತಗ್ಗಿಸಿದಳು. ನನ್ನ ಇಷ್ಟು ವರ್ಷದಲ್ಲಿ ಅವಳು ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ. "ನನ್ನ ಕೈಲೆ ದೀಪ ಹತ್ತಲಿಲ್ಲ ಕೂಸ," ಎಂದಳು. "ಮೂರೂ ಹೊತ್ತು ಹಿಚಕಿದೆ. ಹತ್ತಲೇ ಇಲ್ಲ. ನೀ ಫೋನ್ ಮಾಡಿ ಏನೂ ಬಂದಿಲ್ಲ ಅಂದಿ. ಈ ಸುಡುಗಾಡು ಕೈಯಿಂದ ಹುಡುಗಿ ಫೇಲ್ ಆಗ್ತಾಳ ಅಂತ ಎದಿ ಒಡದಂಗಾತು."

ದೀಪ ಎಷ್ಟು ಒತ್ತಿದರೆ ಹತ್ತಬೇಕು, ಲೆಕ್ಕ ಎಲ್ಲಿಂದ ಶುರುವಾಗಬೇಕು ಎಂಬುದನ್ನು ನಾವು ಪುಸ್ತಕ ನೋಡಿ ಇಟ್ಟಿದ್ದೆವು. ಅತ್ತೆಯ ಕೈ ಪುಸ್ತಕದಲ್ಲಿ ಇರಲಿಲ್ಲ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ದುಃಖವೂ ಸಿಟ್ಟೂ ಒಟ್ಟಿಗೆ ಬಂದು ಯಾವುದು ಯಾವುದೆಂದು ತಿಳಿಯದ ಹಾಗಾಯಿತು. ಅಮೂಲ್ಯವಾದ ತಿಂಗಳುಗಳು ಹೋಗಿದ್ದವು. ಓಣಿಯ ಕೈಗಳೆಲ್ಲ ಗಟ್ಟಿಯಾಗಿ, ಗಟ್ಟಿಯಾಗಬೇಕಾದ ಒಂದು ಕೈ ಮಾತ್ರ ಹಾಗೇ ಉಳಿದಿತ್ತು.

"ಹೋಗ್ಲಿ ಬಿಡವ್ವ," ಎಂದಳು ಸೊಸೆಯನ್ನು ದೂರುತ್ತಿದ್ದಾಕೆ, ಮಿರ್ಚಿ ಅಗಿಯುತ್ತ. "ನಮಗೇನ್ ಮುಯ್ಯಿ ತಿರುಗಿ ಬ್ಯಾಡ. ಲಕ್ವಾ ಹೊಡದಾಕಿ ಕಡಿಂದ ಏನ್ ಮಾಡಿಸಿಕೊಳ್ಳೂದು?"

ಆ ಮಾತು ಅತ್ತೆಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ತಗ್ಗಿದ ತಲೆ ಎದ್ದಿತು. "ಯಾಕ ಬ್ಯಾಡ? ಇಷ್ಟು ವರ್ಷ ಯಾರ ಮನಿ ಮುಯ್ಯಿ ಉಳಿಸಿಕೊಂಡೀನಿ ಹೇಳು!"

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಹಂಗಾದ್ರ ತೀರಿಸು," ಎಂದೆ. "ಎಡಗೈಲೆ ಅಲ್ಲ. ಅದೇ ಕೈಲೆ ತೀರಿಸು." ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಹೇಳಿದ ಮೇಲೆ ಹೆದರಿಕೆಯೂ ಆಯಿತು. ಆದರೆ ಅತ್ತೆ ಎದ್ದು ನಿಂತಾಗಿತ್ತು.

ಅದು ಮನೆಮನೆಯಲ್ಲೂ ವರ್ಷದ ಖಾರಪುಡಿಗೆ ಮೆಣಸಿನಕಾಯಿ ಒಣಗಿಸಿ ತೊಟ್ಟು ಬಿಡಿಸುವ ಕಾಲ. ಅತ್ತೆ ಮರುದಿನದಿಂದಲೇ ಮನೆ ಮನೆಗೆ ಹೋಗಿ ಕೂತಳು. ಮೊದಲ ದಿನ ಒಂದು ಮೆಣಸಿನಕಾಯಿ ಹಿಡಿಯುವುದಕ್ಕೆ ಬೆವರಿದಳಂತೆ. ಎಡಗೈ ನೆರವಿಗೆ ಬಂದರೆ ಪಕ್ಕದ ಮನೆಯಾಕೆ, "ಆ ಚೆಯ್ಯಿ ವದ್ದಕ್ಕಾ!" ಆ ಕೈ ಬೇಡಕ್ಕಾ ಎಂದು ತೆಲುಗಿನಲ್ಲಿ ಗದರಿ ಅದನ್ನು ಸೆರಗಿನೊಳಗೆ ಸೇರಿಸುತ್ತಿದ್ದಳು. ನಾನು ಆಡಿದ ಮಾತಿಗೆ ಆಕೆ ಹೀಗೆ ಸೇಡು ತೀರಿಸಿಕೊಂಡಳು. ಅವಳಂಥ ಕಾವಲುಗಾರ್ತಿ ಯಾವ ಆಸ್ಪತ್ರೆಯಲ್ಲೂ ಇಲ್ಲ. ಫಿಸಿಯೋಥೆರಪಿ ಮೇಡಂಗೆ ಅಂಜುತ್ತಲೇ ವಿಷಯ ತಿಳಿಸಿದೆ. ಅವರು, ಒಳ್ಳೆಯ ಕೈಯನ್ನು ಕಟ್ಟಿಹಾಕಿ ಸೋತ ಕೈಗೆ ಕೆಲಸ ಕೊಡುವುದು ಒಪ್ಪಿತವಾದ ಚಿಕಿತ್ಸೆಯೇ, ದಣಿಯದ ಹಾಗೆ ನೋಡಿಕೊಳ್ಳಿ, ಮಾಡಲಿ ಎಂದರು.

ಗೈಡ್ ಸಾರ್‌ಗೆ ಹೇಳುವುದು ಇನ್ನೂ ಬಾಕಿಯಿತ್ತು. ಹೇಳಿದೆ. ಅವರು ಕನ್ನಡಕ ತೆಗೆದು, ಆ ಸುಂದರವಾದ ಗ್ರಾಫನ್ನು ಕೊನೆಯ ಸಲ ನೋಡಿದರು.

"ಇದು ರೋಗಿಯ ಡೇಟಾ ಅಲ್ಲಮ್ಮಾ. ಓಣಿಯ ಡೇಟಾ," ಎಂದರು.

ಅಂದು ಅವರು ಊಟ ಮಾಡಲಿಲ್ಲ. ಆದರೆ ದೊಡ್ಡ ಮನುಷ್ಯ, ನನ್ನನ್ನು ಕೈಬಿಡಲಿಲ್ಲ. ಚೆಂಡು ಬಿಟ್ಟು ಬೇರೆ ಯೋಚಿಸು ಎಂದರು. ನಾನು ಮತ್ತೆ ಕೌಲ್ ಬಜಾರಿಗೆ ಹೋಗಿ ಹೆಬ್ಬೆರಳಿಗೂ ತೋರುಬೆರಳಿಗೂ ಎರಡು ಜೀನ್ಸ್ ಟೋಪಿ ಹೊಲಿಸಿದೆ. ಈ ಸಲ ಜೇಬು ಬೇಡ ಎಂದು ಮೊದಲೇ ಜಗಳವಾಡಿದೆ. ಒಳಗೆ ತೆಳುವಾದ ಸೆನ್ಸರ್ ಇಟ್ಟೆ. ದೀಪ ಇಡಲೇ ಇಲ್ಲ. ಬೇರೆ ಯಾರಿಗೂ ಹಿಡಿಯದಂತೆ ಅತ್ತೆಯ ಬೆರಳಿನ ಅಳತೆಗೇ ಮಾಡಿಸಿದೆ. ಅದನ್ನು ಹಾಕಿಕೊಂಡು ಅವಳು ಮೆಣಸಿನಕಾಯಿ ಬಿಡಿಸಿದಳು, ಮೆಣಸಿನಕಾಯಿ ಮುಗಿದ ಮೇಲೆ ಶೇಂಗಾ ಒಡೆದಳು, ಆಮೇಲೆ ಅವರೆ ಸುಲಿದಳು. ಮೊದಲ ಕಂತಿನ ಸೆನ್ಸರ್ ಬಳ್ಳಾರಿಗೆ ತಂದು ಮೇಜಿನ ಮೇಲೆ ಬಿಚ್ಚಿದಾಗ ಇಡೀ ಪ್ರಯೋಗಾಲಯ ಸೀನಿತು. ಸಾರ್ ಕಣ್ಣು ಒರೆಸಿಕೊಳ್ಳುತ್ತ, ಡೇಟಾ ನೋಡಿ ಕಣ್ಣೀರು ಬಂದದ್ದು ಇದೇ ಮೊದಲು ಎಂದರು.

ಹೊಸ ಗ್ರಾಫ್ ನೋಡಲು ಚೆನ್ನಾಗಿರಲಿಲ್ಲ. ಏಳುತ್ತಿತ್ತು, ಬೀಳುತ್ತಿತ್ತು, ಎಷ್ಟೋ ದಿನ ನೆಲಕ್ಕೇ ಅಂಟಿಕೊಂಡಿರುತ್ತಿತ್ತು. ಹಳೆಯದರ ಮುಂದೆ ಅದು ಬಡಕಲು. ಆದರೂ ವಾರಗಳು ಕಳೆದಂತೆ ಸ್ವಲ್ಪ ಸ್ವಲ್ಪವೇ ಮೇಲೆ ಹತ್ತಿತು. ಸೋಮವಾರ ಮಾತ್ರ ಎಂದಿನಂತೆ ಖಾಲಿ.

ವೈವಾ ಪರೀಕ್ಷೆಯ ಹಿಂದಿನ ದಿನ ಅತ್ತೆಯ ಬೆರಳ ಟೋಪಿಗಳನ್ನು ತರಲು ಕುರುಗೋಡಿಗೆ ಹೋಗಿ ಅಲ್ಲೇ ಉಳಿದೆ. ಬೆಳಿಗ್ಗೆ ತಲೆ ಬಾಚಿ, ಕೂದಲಿಗೆ ಕ್ಲಿಪ್ ಹಾಕಿಕೊಂಡು ಹೊರಟೆ. ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು.

"ಇಲ್ಲಿ ಕುಂದ್ರು," ಎಂದಳು. "ಎಲ್ಲಾರ ಮುಯ್ಯಿ ತೀರೇತಿ. ನಿಂದೊಂದು ಉಳದೈತಿ."

"ಬಸ್ಸಿಗೆ ಹೊತ್ತಾತು ಅತ್ತಿ."

"ಬಸ್ ಇನ್ನೊಂದು ಬರತೈತಿ. ಸಡಿಲ ಕೂದಲಾ ಬಿಟ್ಕೊಂಡು ಪರೀಕ್ಷಿಗೆ ಹೋಗಾಕ ನಾ ಸತ್ತೀನೇನು?"

ಕೆಳಗಿನ ಮೆಟ್ಟಿಲ ಮೇಲೆ, ಅವಳ ಮೊಣಕಾಲುಗಳ ನಡುವೆ ಕೂತೆ. ಎಡಗೈ ಎರಡು ಎಳೆ ಹಿಡಿಯಿತು, ಬಲಗೈ ಒಂದು. ಹೆಬ್ಬೆರಳು, ತೋರುಬೆರಳು ಎಳೆಯನ್ನು ಹಿಡಿದು ದಾಟಿಸಿದವು, ಜಾರಿತು, ಅತ್ತೆ ಬೈದಳು, ಮತ್ತೆ ಹಿಡಿದವು. ಒಂದು ಬಸ್ ಹೋಯಿತು. ಪಕ್ಕದ ಮನೆಯಾಕೆ ಹಾಲಿನ ಕ್ಯಾನು ಹಿಡಿದು ನಿಂತುಬಿಟ್ಟಳು. ಇನ್ನೊಂದು ಬಸ್ಸೂ ಹೋಯಿತು. ಆಗ ಒಮ್ಮೆ ಅತ್ತೆ ಎಳೆದಳು ನೋಡಿ, ನನ್ನ ಹುಬ್ಬು ಹಣೆಯ ಮೇಲಕ್ಕೆ ಹೋದವು. ನೋವಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ನೋವು ಹೋದರೂ ನೀರು ನಿಲ್ಲಲಿಲ್ಲ.

ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕಿ ಕಟ್ಟುನಿಟ್ಟಿನವರು. ಎಲ್ಲ ಗ್ರಾಫ್ ನೋಡಿದರು. ಒಬ್ಬರೇ ರೋಗಿ, ಅಳತೆ ಕಡಿಮೆ, ಏರಿಕೆ ಅಷ್ಟಕ್ಕಷ್ಟೇ ಎಂದರು. ಎಲ್ಲವೂ ನಿಜವೇ, ಒಪ್ಪಿಕೊಂಡೆ. ಕೊನೆಗೆ ಪೆನ್ನು ಕೆಳಗಿಟ್ಟು, "ಅಂಕಿ ಇರಲಿ. ಆ ಕೈ ಈಗ ಏನು ಮಾಡುತ್ತದೆ, ಅದನ್ನು ಹೇಳಿ," ಎಂದರು.

ನಾನು ಪರೀಕ್ಷಕರಿಗೆಲ್ಲ ಬೆನ್ನು ತಿರುಗಿಸಿ ನಿಂತು ಜಡೆ ತೋರಿಸಿದೆ.

ಕುರ್ಚಿ ಸರಿದ ಸದ್ದಾಯಿತು. ಪರೀಕ್ಷಕಿ ಎದ್ದು ಬಂದು ಜಡೆಯನ್ನು ಕೈಯಲ್ಲಿ ಹಿಡಿದು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಮೇಲೆ ಬಿಗಿಯಾಗಿದೆ. ತುದಿಯಲ್ಲಿ ಸಡಿಲವಾಗಿದೆಯಲ್ಲ?"

"ಅಲ್ಲಿಗೆ ಕೈ ಸೋತಿತು ಮೇಡಂ," ಎಂದೆ.

ಅವರು ಹಿಂದಿರುಗಿ ಹೋಗಿ ಏನೋ ಬರೆದುಕೊಂಡರು. ಗೈಡ್ ಸಾರ್ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಂದು ಕೋಣೆಯಲ್ಲಿ ಮೆಣಸಿನಕಾಯಿ ಇರಲಿಲ್ಲ.

ಪಾಸಾದೆ. ಸಂಜೆ ಹಾಸ್ಟೆಲಿಗೆ ಬಂದು ಕನ್ನಡಿಯ ಮುಂದೆ ಕೂತು ಜಡೆ ಬಿಚ್ಚಲು ಕೈಹಾಕಿದೆ, ಮನಸ್ಸಾಗಲಿಲ್ಲ. ತಲೆ ಸಿಡಿಯುತ್ತಿತ್ತು. ಹಾಗೇ ಮಲಗಿದೆ.